ಮನೆಯಂಗಳವೂ ಮನೆಯವರ ಆರೋಗ್ಯವೂ

ಹೊಸ ಮನೆಯ ಗೃಹಪ್ರವೇಶಕ್ಕೆ ಭಕ್ತಬಂಧುಗಳು ಕರೆದಾಗ, ಮನೆಯ ಒಳಗನ್ನು ನೋಡುವುದಕ್ಕೆ ಮೊದಲು ಸುತ್ತಣ ಅಂಗಳ ಹಿತ್ತಲುಗಳನ್ನು ಒಮ್ಮೆ ಸುತ್ತಿ ಬರುವುದು ನಮಗೆ ರೂಢಿಯಾಗಿದೆ. ರೋಗಿಯ ನಾಡಿಯನ್ನು ಹಿಡಿಯುವ ಮುನ್ನ ಆತನು ನಡೆದು ಬರುವ ಬಗೆಯನ್ನು ವೈದ್ಯನು ಗಮನಿಸುವಂತೆಯೇ ಇದು. ತಿಪಟೂರಿನ ಹೊಸ ಬಡಾವಣೆಗಳಲ್ಲಿಯೂ, ತುರುವೇಕೆರೆ ಚಿಕ್ಕನಾಯಕನಹಳ್ಳಿಗಳ ಅಂಚಿನಲ್ಲಿಯೂ, ಈಚೆಗೆ ಹಳ್ಳಿಗಳಲ್ಲಿಯೂ ನಮಗೆ ಕಾಣುವ ನೋಟ ಬಹುಮಟ್ಟಿಗೆ ಒಂದೇ. ಗೇಟಿನಿಂದ ಗೋಡೆಯವರೆಗೆ ಕಾಂಕ್ರೀಟು ಅಥವಾ ಸಿಮೆಂಟಿನ ಬಿಲ್ಲೆಗಳು. ಉಳಿದ ಚೂರು ಜಾಗದಲ್ಲಿ ಹುಲ್ಲುಹಾಸು. ಕಾಂಪೌಂಡಿನ ಪಕ್ಕದಲ್ಲಿ ದೂರದ ಊರಿನ ನರ್ಸರಿಯಿಂದ ತಂದ ಅಲಂಕಾರದ ತಾಳೆಗಳು. ಹಳೆಯ ತೆಂಗಿನ ಮರವೊಂದು ಉಳಿದುಕೊಂಡಿದ್ದರೆ ಅದರ ಬುಡಕ್ಕೂ ಸಿಮೆಂಟು ಮೆತ್ತಿಕೊಂಡಿರುತ್ತದೆ. ಮನೆಯ ಹಿಂದೆ ಗರಿ, ಮಟ್ಟೆ, ಪ್ಲಾಸ್ಟಿಕ್ಕುಗಳನ್ನು ಒಟ್ಟಿಗೆ ಸುಡುವ ಕಪ್ಪು ಗುರುತು. ಕಲ್ಪತರು ನಾಡೆಂದು ಹೆಸರು ಪಡೆದ ಸೀಮೆಯಲ್ಲಿ ಕಲ್ಪತರುವಿಗೆ ಉಸಿರಾಡಲು ಒಂದು ಗೇಣು ಮಣ್ಣನ್ನು ನಾವು ಬಿಡುತ್ತಿಲ್ಲ.

ಆರೋಗ್ಯದ ಪುಟಗಳಲ್ಲಿ ಅಂಗಳದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ಜನಪದೋಧ್ವಂಸನೀಯವೆಂದು ಹೆಸರು. ಪ್ರಕೃತಿ, ಆಹಾರ, ಬಲ, ವಯಸ್ಸುಗಳಲ್ಲಿ ಒಬ್ಬರಿಗೊಬ್ಬರು ಭಿನ್ನರಾದ ಜನರು ಏಕಕಾಲದಲ್ಲಿ ಒಂದೇ ರೋಗಕ್ಕೆ ಈಡಾಗುವುದು ಹೇಗೆಂದು ಶಿಷ್ಯನಾದ ಅಗ್ನಿವೇಶನು ಅಲ್ಲಿ ಕೇಳುತ್ತಾನೆ. ವಾಯು, ಜಲ, ದೇಶ, ಕಾಲ ಈ ನಾಲ್ಕು ಎಲ್ಲರಿಗೂ ಸಮಾನವಾದವು, ಅವು ಕೆಟ್ಟರೆ ಎಲ್ಲರೂ ಕೆಡುತ್ತಾರೆ ಎಂಬುದು ಆತ್ರೇಯರ ಉತ್ತರದ ಸಾರ. ಈ ನಾಲ್ಕರಲ್ಲಿ ಮೊದಲ ಮೂರು ನಮ್ಮ ಮನೆಯ ಕಾಂಪೌಂಡಿನೊಳಗೇ ಇವೆ. ಕನ್ನಡದವರಿಗೆ ಈ ನಂಟು ಹೊಸದೇನೂ ಅಲ್ಲ. ಕ್ರಿ.ಶ. 1025ರಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ವೈದ್ಯ, ವೃಕ್ಷಾಯುರ್ವೇದ, ಅಂತರ್ಜಲವನ್ನು ಗುರುತಿಸುವ ವಿದ್ಯೆ ಇವೆಲ್ಲ ಒಂದೇ ಗ್ರಂಥದ ಬೇರೆ ಬೇರೆ ಅಧ್ಯಾಯಗಳು. ಅವುಗಳನ್ನು ಬೇರೆ ಬೇರೆ ಇಲಾಖೆಗಳನ್ನಾಗಿ ಮಾಡಿಕೊಂಡವರು ನಾವು.

ಆಯುರ್ವೇದವು ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣವೆಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ನೀರು ಮರಗಳು ವಿರಳವಾಗಿದ್ದು ಬಿಸಿಲು ಗಾಳಿಗಳು ಹೆಚ್ಚಾಗಿರುವುದು ಜಾಂಗಲ. ಅಲ್ಲಿ ವಾತ ಪ್ರಬಲ. ನೀರು, ಕೆಸರು, ದಟ್ಟ ನೆರಳುಗಳಿಂದ ಕೂಡಿದ್ದು ಆನೂಪ. ಅಲ್ಲಿ ಕಫ ಪ್ರಬಲ. ಇವೆರಡರ ಸಮತೋಲನವೇ ಸಾಧಾರಣ ದೇಶ. ನಮ್ಮ ಮೂರು ತಾಲ್ಲೂಕುಗಳು ಸ್ವಭಾವದಿಂದ ಜಾಂಗಲಕ್ಕೆ ಹತ್ತಿರವಾದ ಕೆಂಪುಮಣ್ಣಿನ ಬಯಲುಸೀಮೆ. ತೆಂಗು ಇಲ್ಲಿ ಕೆರೆ, ಬಾವಿಗಳ ಆಸರೆಯಿಂದ ಬೆಳೆಯಿತು. ಈಗ ಕೊಳವೆಬಾವಿಯಿಂದಲೂ, ಕೆಲವೆಡೆ ಹೇಮಾವತಿ ನಾಲೆಯಿಂದಲೂ ಉಳಿದಿದೆ. ಸಿಮೆಂಟು ಹಾಸಿದ ಅಂಗಳ ಜಾಂಗಲವನ್ನು ಇನ್ನಷ್ಟು ಒಣಗಿಸುತ್ತದೆ. ಮನೆಗೆ ಒತ್ತಿಕೊಂಡಂತೆ ಬಾಳೆ, ಅಡಿಕೆ, ತೆಂಗುಗಳನ್ನು ತುಂಬಿ ಬಚ್ಚಲು ನೀರನ್ನು ನಿಲ್ಲಲು ಬಿಟ್ಟ ಹಿತ್ತಲು ಆನೂಪವಾಗುತ್ತದೆ. ಅಂಥ ಮನೆಗಳಿಂದ ಕೆಮ್ಮು ದಮ್ಮಿನವರು ಮಳೆಗಾಲವಿಡೀ ನಮ್ಮಲ್ಲಿಗೆ ಬರುತ್ತಿರುತ್ತಾರೆ. ನೆರಳಿದ್ದೂ ಬೆಳಕಿರಬೇಕು, ಮಣ್ಣು ತೇವವಾಗಿದ್ದೂ ನೀರು ನಿಲ್ಲಬಾರದು. ಮನೆಯ ಸುತ್ತ ಸಾಧಾರಣ ದೇಶವನ್ನು ಕಟ್ಟಿಕೊಳ್ಳುವುದೆಂದರೆ ಇಷ್ಟೇ, ಮತ್ತು ಅದಕ್ಕೆ ಬೇಕಾದುದರಲ್ಲಿ ಹೆಚ್ಚಿನ ಪಾಲನ್ನು ನಾವು ಈಗ ಸುಡುತ್ತಿದ್ದೇವೆ ಅಥವಾ ಚರಂಡಿಗೆ ಬಿಡುತ್ತಿದ್ದೇವೆ.

ಹೀಗೆ ಬರೆಯುವ ನಾವೂ ತಪ್ಪು ಮಾಡಿದವರೇ. ಹಲವು ವರ್ಷಗಳ ಹಿಂದೆ ಧೂಳು ಕೆಸರುಗಳ ಕಾಟ ತಪ್ಪಲೆಂದು ನಮ್ಮ ಮನೆಯ ಮುಂದಣ ಅಂಗಳಕ್ಕೆ ಪೂರ್ತಿಯಾಗಿ ಕಾಂಕ್ರೀಟು ಹಾಕಿಸಿದೆವು. ನೋಡಿದವರೆಲ್ಲ ಚೆನ್ನಾಗಿದೆ ಎಂದರು. ನಮ್ಮ ತಾಯಿಯವರಿಗೆ ಸಂಜೆ ಜಗಲಿಯ ಮೇಲೆ ಕುಳಿತು ಪೂಜೆಗೆ ಹೂ ಕಟ್ಟುವ ಅಭ್ಯಾಸವಿತ್ತು. ಮುಂದಿನ ಬೇಸಗೆಯಲ್ಲಿ ಅವರು ಹೊರಗೆ ಕುಳಿತುಕೊಳ್ಳುವುದನ್ನೇ ಬಿಟ್ಟರು. ಕೇಳಿದರೆ, “ಅಂಗ್ಳದಲ್ಲಿ ಒಲೆ ಹಚ್ಚಿಟ್ಟಂಗೈತಲ್ಲಪ್ಪ” ಎಂದರು. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ರಾತ್ರಿ ಎಂಟರವರೆಗೂ ಆ ಬಿಸಿಯನ್ನು ಉಗುಳುತ್ತಿತ್ತು. ನಡೆದಾಟ ಕಡಿಮೆಯಾಗಿ, ಕೀಲುನೋವು ಹೆಚ್ಚಿ, ನಿದ್ರೆ ಕೆಟ್ಟಿತು. ಇತರರ ತಾಯಂದಿರಿಗೆ ಔಷಧಿ ಬರೆಯುತ್ತಿದ್ದ ನಮಗೆ ನಮ್ಮ ಅಂಗಳವೇ ಅಪಥ್ಯವಾದುದು ಹೊಳೆಯಲು ಎರಡು ಬೇಸಗೆಗಳು ಬೇಕಾದವು. ಮೂರನೆಯ ವರ್ಷ ಮುಕ್ಕಾಲು ಪಾಲು ಕಾಂಕ್ರೀಟನ್ನು ಒಡೆಸಿದೆವು. ಹಾಕಿಸಲು ಕೊಟ್ಟ ಕೂಲಿಗಿಂತ ತೆಗೆಸಲು ಕೊಟ್ಟ ಕೂಲಿ ಹೆಚ್ಚು.

ಸಿಮೆಂಟು ಹಾಕಿಸುವವರ ಕಾರಣಗಳು ಸುಳ್ಳಲ್ಲ. ರಾಗಿ, ಹುಣಿಸೆಹಣ್ಣು, ಮೆಣಸಿನಕಾಯಿ ಒಣಗಿಸಲು ಗಟ್ಟಿ ನೆಲ ಬೇಕು, ರಂಗೋಲಿಗೆ ಜಾಗ ಬೇಕು, ಕಾರು ನಿಲ್ಲಿಸಬೇಕು, ವಯಸ್ಸಾದವರು ಕೆಸರಿನಲ್ಲಿ ಜಾರಬಾರದು. ಆದರೆ ಪಾಚಿ ಕಟ್ಟಿದ ಸಿಮೆಂಟಿನ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡವರನ್ನೂ ನಾವು ಕಂಡಿದ್ದೇವೆ. ಬಾಗಿಲ ಮುಂದೆ ರಂಗೋಲಿಗೆ ಆರಡಿ ಚೌಕ, ಒಣಗಿಸಲು ಒಂದು ಸಣ್ಣ ಕಣ, ಕಾರಿನ ಚಕ್ರಗಳು ಓಡುವ ಎರಡು ಪಟ್ಟಿ ಇಷ್ಟು ಗಟ್ಟಿಯಾಗಿದ್ದರೆ ಸಾಕು. ನಡೆದಾಡುವ ದಾರಿಗೆ ಒರಟು ಮೈಯ ಕಲ್ಲುಚಪ್ಪಡಿಗಳನ್ನು ನಾಲ್ಕು ಬೆರಳು ಸಂದು ಬಿಟ್ಟು, ಸಿಮೆಂಟಿಲ್ಲದೆ ಮರಳಿನ ಮೇಲೆ ಹಾಸಿ, ಸಂದುಗಳಲ್ಲಿ ಗರಿಕೆ ನೆಟ್ಟರೆ ಕಾಲಿಗೆ ಕೆಸರಾಗದು, ಮಳೆನೀರು ಇಂಗುವುದೂ ನಿಲ್ಲದು. ಉಳಿದುದು ಮಣ್ಣಾಗಿರಲಿ. ತೆಂಗಿನ ಮರದ ಕೆಲಸ ಮಾಡುವ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಆರು ಅಡಿಯೊಳಗೇ ಇರುವುದರಿಂದ ಅಷ್ಟು ದೂರದವರೆಗೆ ಪಾತಿಯನ್ನು ತೆರೆದಿಡಲೇಬೇಕು. ಇದ್ದ ಮರವನ್ನು ಹೀಗೆ ಉಳಿಸಿಕೊಳ್ಳುವುದು ಸರಿ; ಹೊಸದಾಗಿ ನೆಡುವವರು ಸೂರಿನಿಂದಲೂ ಕಾರು ನಿಲ್ಲುವ ಜಾಗದಿಂದಲೂ ಇಪ್ಪತ್ತು ಅಡಿ ದೂರ ಹೋಗಲಿ. ಕಾಯಿ ಗರಿಗಳು ತಲೆಯ ಮೇಲೆ ಬಿದ್ದರೆ ವೈದ್ಯರ ಬಳಿಗೆ ಒಯ್ಯುವ ಅವಕಾಶವೂ ಎಲ್ಲ ಸಲ ಸಿಗುವುದಿಲ್ಲ.

ಇನ್ನು ನೀರಿನ ಮಾತು. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಸಾವಿರ ಚದರಡಿಯ ಚಾವಣಿ ಎಂದರೆ ಸುಮಾರು 93 ಚದರ ಮೀಟರ್. ವರ್ಷಕ್ಕೆ 600 ಮಿಲಿಮೀಟರ್ ಮಳೆಯೆಂದು ಹಿಡಿದರೂ ಸುಮಾರು 55,000 ಲೀಟರ್ ಬೀಳುತ್ತದೆ. ಐದರಲ್ಲೊಂದು ಪಾಲು ಪೋಲಾದರೂ 44,000 ಲೀಟರ್ ಉಳಿಯುತ್ತದೆ. ಬೆಂಗಳೂರಿನಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರು ‘ಸೌರಭ’ ಎಂಬ ತಮ್ಮ ಮನೆಯಲ್ಲಿ ತೊಂಬತ್ತರ ದಶಕದಿಂದ ನಗರದ ನಲ್ಲಿಯ ನೀರಿಲ್ಲದೆ ಮಳೆನೀರನ್ನೇ ನೆಚ್ಚಿ ಬದುಕಿ ತೋರಿಸಿದ್ದಾರೆ. ನಮ್ಮಲ್ಲಿ ಚಾವಣಿಯ ನೀರು ಕೊಳವೆಯ ಮೂಲಕ ನೇರವಾಗಿ ಬೀದಿಗೆ ಹೋಗುತ್ತದೆ. ಮರುದಿನ ಟ್ಯಾಂಕರಿನವನಿಗೆ ಫೋನು ಮಾಡುತ್ತೇವೆ. ವರ್ಷದ ಮೊದಲ ಒಂದೆರಡು ಮಳೆಯ ನೀರನ್ನು ಹೊರಬಿಟ್ಟು, ಆಮೇಲಿನದನ್ನು ಜಲ್ಲಿ, ಮರಳು, ಇದ್ದಿಲುಗಳ ಸೋಸುಗದ ಮೂಲಕ ತೊಟ್ಟಿಗೆ ಇಳಿಸಬೇಕು. ತೊಟ್ಟಿಯೊಳಗೆ ಬೆಳಕೂ ಸೊಳ್ಳೆಯೂ ಹೋಗದಂತೆ ಮುಚ್ಚಿರಬೇಕು. ತುಂಬಿ ಹೆಚ್ಚಾದ ನೀರು ಹಳೆಯ ಬಾವಿಗೋ ಇಂಗುಗುಂಡಿಗೋ ಹೋಗಲಿ. ಹಳೆಯ ಬಾವಿಯನ್ನು ಕಸದಿಂದ ಮುಚ್ಚಿ ಅದರ ಮೇಲೆ ಶೆಡ್ಡು ಕಟ್ಟುವ ಕೆಲಸವನ್ನು ಮಾತ್ರ ದಯವಿಟ್ಟು ಯಾರೂ ಮಾಡಬೇಡಿ.

ಇದನ್ನು ಒತ್ತಿ ಹೇಳುವುದಕ್ಕೆ ವೈದ್ಯಕೀಯ ಕಾರಣವಿದೆ. ನಮ್ಮ ಜಿಲ್ಲೆಯ ಪಾವಗಡ, ಶಿರಾ ಸೀಮೆಗಳಲ್ಲಿ ಆಳದ ನೀರಿನ ಫ್ಲೋರೈಡು ಹಲ್ಲನ್ನು ಕಂದಿಸಿ, ಮೂಳೆಯನ್ನು ಬಿಗಿಸಿ, ಬೆನ್ನನ್ನು ಬಗ್ಗಿಸಿರುವುದನ್ನು ಎಲ್ಲರೂ ಬಲ್ಲರು. ಫ್ಲೋರೈಡು ಬಂಡೆಯೊಳಗಿನ ಖನಿಜದಿಂದ ಕರಗಿ ಬರುವಂಥದು. ಕೊಳವೆಬಾವಿ ಆಳಕ್ಕೆ ಇಳಿದಂತೆಲ್ಲ ಎಚ್ಚರಿಕೆಯೂ ಹೆಚ್ಚಬೇಕು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿಲ್ಲದಿದ್ದರೆ ಮಾತ್ರ 1.5ರವರೆಗೆ ಒಪ್ಪಿಗೆಯೆಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಕುದಿಸಿದರೆ ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಅಂಶ ಹೆಚ್ಚುತ್ತದೆ. ಮಳೆಯ ನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಮೂರು ತಾಲ್ಲೂಕುಗಳ ಭಕ್ತರೂ ತಮ್ಮ ಕೊಳವೆಬಾವಿಯ ನೀರನ್ನು ಒಮ್ಮೆ ಪರೀಕ್ಷೆಗೆ ಕೊಡಿಸಬೇಕು. ಚಿಕ್ಕ ಮಕ್ಕಳಿರುವ ಮನೆಯವರು ಕುಡಿಯುವುದಕ್ಕೂ ಅಡುಗೆಗೂ ಆಗುವಷ್ಟಾದರೂ ಮಳೆನೀರನ್ನು ಹಿಡಿದು, ಸೋಸಿ, ಕುದಿಸಿ ಬಳಸಬೇಕು.

ಹುಲ್ಲುಹಾಸಿನ ಬಗ್ಗೆ ನಮ್ಮ ಅಭಿಪ್ರಾಯ ಕಟುವಾದುದೇ. ಬೇಸಗೆಯಲ್ಲಿ ಒಂದು ಚದರ ಮೀಟರ್ ಹುಲ್ಲು ಹಸಿರಾಗಿರಬೇಕಾದರೆ ದಿನಕ್ಕೆ ಸುಮಾರು ಐದು ಲೀಟರ್ ನೀರು ಬೇಕು. ಒಂದು ಗುಂಟೆ ಎಂದರೆ ನೂರು ಚದರ ಮೀಟರಿಗೆ ತುಸು ಹೆಚ್ಚು. ಐನೂರು ಲೀಟರ್ ಆಯಿತು. ಹನಿ ನೀರಾವರಿಯಲ್ಲಿ ಒಂದು ಫಲ ಬಿಡುವ ತೆಂಗಿಗೆ ಬೇಸಗೆಯ ದಿನವೊಂದಕ್ಕೆ ಐವತ್ತು ಲೀಟರಿನಷ್ಟು ಕೊಡುವವರುಂಟು. ಹಾಗಾದರೆ ಆ ಒಂದು ಗುಂಟೆ ಹುಲ್ಲು ಕುಡಿಯುವುದು ಹತ್ತು ತೆಂಗಿನ ಮರಗಳ ನೀರನ್ನು. ಕೊಬ್ಬರಿಯಿಂದ ಬಂದ ಹಣದಲ್ಲಿ ಮನೆ ಕಟ್ಟಿ, ತೋಟದ ಮರಗಳು ಸುಳಿ ಬಾಡುವ ವರ್ಷದಲ್ಲಿ ಮನೆಯ ಮುಂದೆ ಹುಲ್ಲಿಗೆ ನೀರು ಹಾಯಿಸುವುದು ನಮ್ಮ ಕಣ್ಣಿಗೆ ಹಿತವಾಗಿ ಕಾಣದು. ಹಸಿರು ಬೇಕೆನ್ನುವವರು ಗರಿಕೆಯನ್ನು ಬೆಳೆಸಲಿ. ಬೇಸಗೆಯಲ್ಲಿ ಅದು ಒಣಗಿದಂತೆ ಕಂಡರೂ ಮೊದಲ ಮಳೆಗೆ ತಾನಾಗಿ ಚಿಗುರುತ್ತದೆ. ನೆರಳಿನ ತೇವದ ಜಾಗದಲ್ಲಿ ಒಂದೆಲಗವನ್ನು ಹಬ್ಬಿಸಿದರೆ ಅದೇ ಹಾಸಿಗೆಯಾಗುತ್ತದೆ, ವಾರಕ್ಕೊಮ್ಮೆ ಚಟ್ನಿಯೂ ಆಗುತ್ತದೆ.

ಬಚ್ಚಲ ನೀರು ಹಿತ್ತಲಿನ ಆಸ್ತಿ. ನಾಲ್ವರಿರುವ ಮನೆಯ ಸ್ನಾನ ಮತ್ತು ಬಟ್ಟೆ ಒಗೆತದಿಂದ ದಿನಕ್ಕೆ ಇನ್ನೂರು ಲೀಟರಾದರೂ ನೀರು ಹೊರಬೀಳುತ್ತದೆ. ಮೂರು ನಾಲ್ಕು ತೆಂಗಿನ ಮರಗಳು ಬೇಸಗೆಯನ್ನು ದಾಟಲು ಅಷ್ಟು ಸಾಕು. ಅದನ್ನು ನಿಲ್ಲಿಸದೆ ಜಲ್ಲಿ ತುಂಬಿದ ಕಾಲುವೆಯಲ್ಲಿ ಹರಿಸಿ, ದಡದಲ್ಲಿ ಕಾಬಾಳೆ, ಬಾಳೆಗಳನ್ನು ನೆಟ್ಟು, ಕೊನೆಗೆ ತೆಂಗಿನ ಪಾತಿಗೆ ಬಿಡಬೇಕು. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಕ್ಯಾರೆಟ್ಟುಗಳಿಗೆ ಈ ನೀರು ಸಲ್ಲದು. ಶೌಚಾಲಯದ ನೀರಂತೂ ಇದರೊಂದಿಗೆ ಎಂದೂ ಬೆರೆಯಕೂಡದು.

ತೆಂಗಿನ ಮಟ್ಟೆಯ ವಿಷಯಕ್ಕೆ ಬರೋಣ. ನಮ್ಮ ಸೀಮೆಯವರಿಗೆ ಇದಕ್ಕಿಂತ ಸುಲಭವಾಗಿ ಸಿಗುವ ವಸ್ತು ಇನ್ನೊಂದಿಲ್ಲ. ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿದ ಕಾಯಿ ಸುಲಿದಾಗ ಉಂಡೆ ಕೊಬ್ಬರಿ ಮಾರುಕಟ್ಟೆಗೆ ಹೋಗುತ್ತದೆ, ಮಟ್ಟೆಯ ರಾಶಿ ಹಿಂದುಳಿಯುತ್ತದೆ. ಮಟ್ಟೆಯು ತನ್ನ ತೂಕದ ಮೂರರಿಂದ ಐದು ಪಟ್ಟು ನೀರನ್ನು ಹಿಡಿದಿಡಬಲ್ಲದು. ಪೊಟ್ಯಾಷಿಯಂ ಸತ್ತ್ವವೂ ಅದರಲ್ಲಿದೆ. ಮರದ ಪಾತಿಯ ಅಂಚಿನಲ್ಲಿ ಒಂದೂವರೆ ಅಡಿ ಆಳದ ಕಾಲುವೆ ತೋಡಿ ಮಟ್ಟೆಗಳನ್ನು ಪದರ ಪದರವಾಗಿ ಹೂತರೆ ಐದಾರು ವರ್ಷ ತೇವವನ್ನು ಕಾಯುತ್ತವೆ. ಹೂಳುವಾಗ ಮಟ್ಟೆಯ ಒಳಮೈ ಮೇಲಕ್ಕೆ, ಬಟ್ಟಲಿನಂತೆ ಇರಬೇಕು. ಆಗ ಇಳಿದ ನೀರನ್ನು ಹಿಡಿಯುತ್ತದೆ. ಆದರೆ ಹೂಳದೆ ನೆಲದ ಮೇಲೆ ಹೊದಿಕೆಯಾಗಿ ಹಾಸುವಾಗ ಕ್ರಮ ತಿರುಗಬೇಕು: ಬೆನ್ನು ಮೇಲಕ್ಕೆ, ಒಳಮೈ ಕೆಳಕ್ಕೆ. ಈ ಸಣ್ಣ ಸಂಗತಿಯನ್ನು ಮರೆತವರ ಅಂಗಳದಲ್ಲಿ ಮಳೆ ಬಂದ ಮರುದಿನ ನೂರಾರು ಬಟ್ಟಲು ನೀರು ಸಿದ್ಧವಾಗಿರುತ್ತದೆ.

ಡೆಂಗಿ ಮತ್ತು ಚಿಕುನ್‌ಗುನ್ಯಾಗಳನ್ನು ಹರಡುವ ಈಡಿಸ್ ಸೊಳ್ಳೆಗೆ ಚರಂಡಿಯ ಕೊಳಕು ನೀರು ಬೇಡ. ಅಂಥ ಬಟ್ಟಲಿನ ತಿಳಿನೀರೇ ಬೇಕು. ಮಟ್ಟೆ, ಚಿಪ್ಪು, ಹಳೆಯ ಟೈರು, ಹೂಕುಂಡದ ಕೆಳಗಿನ ತಟ್ಟೆ, ಪಕ್ಷಿಗಳಿಗೆಂದು ಇಟ್ಟು ಬದಲಿಸದ ನೀರು ಎಲ್ಲವೂ ಅದಕ್ಕೆ ತೊಟ್ಟಿಲು. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ನೀರು ಆರಿದರೂ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಆದ್ದರಿಂದ ಪಾತ್ರೆಗಳನ್ನು ಬರಿದು ಮಾಡಿದರೆ ಸಾಲದು, ಒಳಮೈಯನ್ನು ಉಜ್ಜಿ ತೊಳೆಯಬೇಕು. 2006ರಲ್ಲಿ ಚಿಕುನ್‌ಗುನ್ಯಾ ನಮ್ಮ ರಾಜ್ಯವನ್ನು ವ್ಯಾಪಿಸಿದಾಗ ಮನೆಮಂದಿಯೆಲ್ಲ ಕೀಲು ಹಿಡಿದುಕೊಂಡು ಗೋಡೆ ಹಿಡಿದು ನಡೆದದ್ದನ್ನು ಹಿರಿಯರು ಮರೆತಿಲ್ಲ. ಸುಲಿದ ಚಿಪ್ಪುಗಳನ್ನು ಮಳೆಗೆ ಮುಂಚೆ ಮಾರಿಬಿಡಿ ಇಲ್ಲವೇ ಸೂರಿನ ಕೆಳಗೆ ಹಾಕಿ. ವಾರಕ್ಕೊಂದು ದಿನ, ಸೋಮವಾರವೇ ಇರಲಿ, ಪೂಜೆಗೆ ಹೂ ಕೊಯ್ಯಲು ಹೋದವರು ಅಂಗಳದ ನಿಂತ ನೀರನ್ನೂ ಚೆಲ್ಲಿ ಬರುವ ಪದ್ಧತಿಯನ್ನು ನಾವು ಹಲವು ಮನೆಗಳಿಗೆ ಕಲಿಸಿದ್ದೇವೆ.

ಗರಿಗಳನ್ನು ಸುಡುವವರಿಗೆ ಒಂದು ಬಿನ್ನಹ. ಕಾರ್ತಿಕದಿಂದ ಮಾಘದವರೆಗೆ ಬೆಳಗಿನ ಮಂಜಿನಲ್ಲಿ ಹೊಗೆ ಮೇಲೇರದೆ ನೆಲಮಟ್ಟದಲ್ಲೇ ಸುಳಿಯುತ್ತದೆ. ಪಕ್ಕದ ಮನೆಯ ದಮ್ಮಿನ ರೋಗಿಗೆ ನಾವು ಕೊಟ್ಟ ಔಷಧಿಯೆಲ್ಲ ಆ ಒಂದು ಬೆಂಕಿಗೆ ಆಹುತಿ. ಗರಿಯನ್ನು ಕತ್ತರಿಸಿ ಸಗಣಿ ಬಗ್ಗಡ ಚಿಮುಕಿಸಿ ಎರಡು ಮೂರು ವಾರ ಕಳಿಸಿ ಎರೆಹುಳು ಬಿಟ್ಟರೆ ಮೂರು ತಿಂಗಳ ಆಸುಪಾಸಿನಲ್ಲಿ ಎರೆಗೊಬ್ಬರವಾಗುತ್ತದೆ. ಹತ್ತು ಪಾಲು ಗರಿಗೆ ಒಂದು ಪಾಲು ಸಗಣಿ ಎಂಬುದು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರದವರು ತಿಳಿಸುವ ಲೆಕ್ಕ. ಒಂದು ಎಚ್ಚರಿಕೆ: ತೆಂಗಿನ ಸುಳಿ ಕೊರೆಯುವ ರೈನೋಸರಸ್ ದುಂಬಿಯು ಮೊಟ್ಟೆಯಿಡುವುದು ಇಂಥ ತಿಪ್ಪೆಗಳಲ್ಲಿ, ಕೊಳೆತ ತೆಂಗಿನ ಬೊಡ್ಡೆಗಳಲ್ಲಿ. ಗೊಬ್ಬರ ಮಗುಚುವಾಗ ಕಾಣುವ ಬಿಳಿಯ ದಪ್ಪ ಹುಳುಗಳು ಅದರ ಮರಿಗಳೇ. ಅವುಗಳನ್ನು ಹೆಕ್ಕಿ ಕೋಳಿಗೆ ಹಾಕಬೇಕು. ಆ ಹುಳುಗಳನ್ನು ಕೊಲ್ಲುವ ಮೆಟಾರೈಜಿಯಂ ಎಂಬ ಶಿಲೀಂಧ್ರವನ್ನು ಗುಂಡಿಗೆ ಬೆರೆಸುವ ಕ್ರಮವೂ ಇದೆ. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರಲ್ಲಿ ವಿಚಾರಿಸಬಹುದು.

ಒಣಗರಿಯ ರಾಶಿ ಮನೆಗೆ ಒತ್ತಿಕೊಂಡಿರಬಾರದು. ಅಲ್ಲಿ ಇಲಿ, ಇಲಿಯ ಹಿಂದೆ ನಾಗರ, ಕೊಳಕುಮಂಡಲಗಳು. ಗೋಡೆಯ ಸುತ್ತ ಮೂರು ನಾಲ್ಕು ಅಡಿ ಗುಡಿಸಿದ ಬಯಲು ಜಾಗ ಇರಲಿ, ಕತ್ತಲಾದ ಮೇಲೆ ಟಾರ್ಚಿಲ್ಲದೆ ಹಿತ್ತಲಿಗೆ ಇಳಿಯಬೇಡಿ. ಹಾವು ಕಚ್ಚಿದರೆ ನಮ್ಮ ಬಳಿಗೆ ಬರಬೇಡಿ. ಆಯುರ್ವೇದ ವೈದ್ಯರಾಗಿಯೇ ಇದನ್ನು ಹೇಳುತ್ತಿದ್ದೇವೆ. ಬೇರು ತೇಯುವುದು, ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ ಪ್ರತಿವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಿರಿ. ನಮ್ಮ ರಾಜ್ಯ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕಾದ ಪಟ್ಟಿಗೆ ಸೇರಿಸಿದೆ ಎಂದರೆ ಅದರ ತೀವ್ರತೆ ತಿಳಿಯುತ್ತದೆ.

ಯಾವ ಗಿಡ ನೆಡಬೇಕೆಂಬ ಪ್ರಶ್ನೆಯನ್ನು ಜನ ಮೊದಲು ಕೇಳುತ್ತಾರೆ. ನಾವು ಕೊನೆಗೆ ಹೇಳುತ್ತೇವೆ. ಪಡುವಣ ಬಿಸಿಲನ್ನು ತಡೆಯಲು ಮನೆಯ ಪಶ್ಚಿಮಕ್ಕೆ ಹೊಂಗೆ; ಅದರ ನೆರಳಿನ ತಂಪು ಬೇರೆ ಮರಕ್ಕಿಲ್ಲ. ಸ್ಥಳವಿದ್ದವರಿಗೆ ಬೇವು, ನೆಲ್ಲಿ, ಬಿಲ್ವ. ನುಗ್ಗೆ ಬೇಕೇ ಬೇಕು, ಆದರೆ ಅಡುಗೆಮನೆಯ ಕಿಟಕಿಯಿಂದ ದೂರ; ಮಳೆಗಾಲದಲ್ಲಿ ಅದರ ಕಾಂಡದ ಮೇಲೆ ಕಂಬಳಿಹುಳುಗಳು ಮುತ್ತಿದರೆ ಮನೆಯವರೆಲ್ಲ ಮೈ ಕೆರೆದುಕೊಳ್ಳಬೇಕಾಗುತ್ತದೆ. ಬೇಲಿಗೆ ಲಕ್ಕಿ ಮತ್ತು ಆಡುಸೋಗೆ: ಇವೆರಡನ್ನೂ ದನ ಮೇಕೆಗಳು ಅಷ್ಟಾಗಿ ಮುಟ್ಟವು, ನೀರೂ ಹೆಚ್ಚು ಬೇಡವು, ಲಕ್ಕಿಸೊಪ್ಪನ್ನು ಬಿಸಿಮಾಡಿ ಕೀಲುನೋವಿಗೆ ಶಾಖ ಕೊಡಬಹುದು. ಕರಿಬೇವು, ದೊಡ್ಡಪತ್ರೆ, ಚಕ್ರಮುನಿ, ಹೊನಗೊನೆ, ತುಳಸಿಗಳು ಅಡುಗೆಮನೆಯ ಬಾಗಿಲಿಗೆ ಸಮೀಪವಿದ್ದರೆ ದಿನವೂ ಕೈ ಹೋಗುತ್ತದೆ, ದೂರವಿದ್ದರೆ ಹಬ್ಬಕ್ಕೊಮ್ಮೆ. ಬಡಾವಣೆಗಳಲ್ಲಿ ಬೇಗ ಬೆಳೆಯುತ್ತದೆಂದು ನೆಡುವ ಕೋನೋಕಾರ್ಪಸ್ ಎಂಬ ವಿದೇಶಿ ಮರವನ್ನು, ಅದರ ಪರಾಗದಿಂದ ಅಲರ್ಜಿಯಾಗುತ್ತದೆಂಬ ಕಾರಣವನ್ನೂ ಮುಂದಿಟ್ಟು, ಗುಜರಾತ್ ಸರ್ಕಾರವು 2023ರಲ್ಲಿ ನಿಷೇಧಿಸಿತು. ಅಲಂಕಾರದ ತಾಳೆಗಳ ಎಲೆಯ ಅಡಿಯಲ್ಲಿ ಸುರುಳಿಯಾಕಾರದ ಬಿಳಿಯ ಮೇಣವೇನಾದರೂ ಇದೆಯೇ ಎಂದು ನೋಡದೆ ಮನೆಗೆ ತರಬೇಡಿ. 2016ರಿಂದ ದಕ್ಷಿಣದ ತೆಂಗನ್ನು ಕಾಡುತ್ತಿರುವ ಸುರುಳಿ ಬಿಳಿನೊಣವು ಇಂಥ ಸಸಿಗಳೊಂದಿಗೂ ಪ್ರಯಾಣ ಮಾಡುತ್ತದೆ. ಒಂದು ಕುಂಡದ ಅಂದಕ್ಕೆ ಊರಿನ ತೋಟವನ್ನು ಒತ್ತೆಯಿಡಬಾರದು.

ಲಿಂಗಪೂಜೆಗೆ ಬೇಕಾದ ಪತ್ರೆ ಪುಷ್ಪಗಳನ್ನು ಅಂಗಡಿಯಿಂದ ಕೊಳ್ಳುವ ಬದಲು ಅಂಗಳದಲ್ಲೇ ಬೆಳೆದುಕೊಳ್ಳುವುದು ಉತ್ತಮ. ತುಂಬೆ, ದಾಸವಾಳ, ನಂದಿಬಟ್ಟಲು, ಎಕ್ಕ ಇವಕ್ಕೆ ಹೆಚ್ಚು ಆರೈಕೆ ಬೇಡ. ಎಕ್ಕದ ಹಾಲು ಕಣ್ಣಿಗೆ ತಾಗದಂತೆ ಮಾತ್ರ ಎಚ್ಚರವಿರಲಿ. ಕಣಗಿಲೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅದರ ಎಲೆ, ಹೂ, ಬೇರು ಎಲ್ಲವೂ ಹೃದಯಕ್ಕೆ ವಿಷ. ಹಳದಿ ಕಣಗಿಲೆಯ ಬೀಜವಂತೂ ಮಕ್ಕಳ ಆಟದ ವಸ್ತುವಾಗಿ ಅನಾಹುತ ತಂದಿದೆ. ನೆಟ್ಟರೆ ಮಕ್ಕಳ ಕೈಗೆ ಸಿಗದ ಕಡೆ ನೆಡಿ, ಕೊಯ್ದ ಮೇಲೆ ಕೈ ತೊಳೆಯಿರಿ, ಆ ಹೂವನ್ನು ತೀರ್ಥದೊಳಗೆ ಹಾಕಬೇಡಿ. ಇನ್ನು ಅಮೃತಬಳ್ಳಿ. ಕೊರೋನಾ ಕಾಲದಿಂದ ಅದು ಇಲ್ಲದ ಮನೆಯಿಲ್ಲ. ಬಳ್ಳಿಯನ್ನು ಬೇವಿಗೆ ಹಬ್ಬಿಸಿ, ಅಭ್ಯಂತರವಿಲ್ಲ. ಆದರೆ ದಿನನಿತ್ಯ ಲೋಟ ತುಂಬ ಕಷಾಯ ಕುಡಿಯುವುದನ್ನು ಬಿಡಿ. ಅಮೃತಬಳ್ಳಿಯೆಂದು ಸೇವಿಸಿದವರಲ್ಲಿ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ಅದೇ ಕುಲದ ಬೇರೆ ಬಳ್ಳಿಯನ್ನು ತಪ್ಪಾಗಿ ಬಳಸಿರಬಹುದೆಂಬ ವಾದವೂ ನಡೆಯಿತು. ವಾದ ಏನೇ ಇರಲಿ, ಅಂಗಳದಲ್ಲಿದೆ ಎಂಬ ಮಾತ್ರಕ್ಕೆ ಅದು ಆಹಾರವಲ್ಲ, ಔಷಧಿ.

ಕಳೆದ ಮಳೆಗಾಲದಲ್ಲಿ ಒಬ್ಬ ಅಜ್ಜಿ ಕಾಮಾಲೆಯಾದ ಮೊಮ್ಮಗನನ್ನು ಕರೆತಂದಿದ್ದರು. ರಕ್ತಪರೀಕ್ಷೆಗೆ ಬರೆದುಕೊಟ್ಟೆವು. ಅಜ್ಜಿ ಸೆರಗಿನಿಂದ ಒಂದು ಹಿಡಿ ನೆಲನೆಲ್ಲಿಯನ್ನು ತೆಗೆದು ಮೇಜಿನ ಮೇಲಿಟ್ಟು, “ನಮ್ಮ ಅಂಗ್ಳದ್ದೇ ಡಾಕ್ಟ್ರೇ, ಅರೆದು ಕೊಡ್ಲಾ?” ಎಂದು ಕೇಳಿದರು. ಗಿಡ ಸರಿಯಾದುದೇ, ಗುರುತಿನಲ್ಲಿ ತಪ್ಪಿರಲಿಲ್ಲ. ಎಲೆಯ ಅಂಚು ಮಾತ್ರ ಅಕಾಲದಲ್ಲಿ ಹಳದಿಗಟ್ಟಿತ್ತು. ವಿಚಾರಿಸಿದಾಗ ಹುಡುಗನ ತಂದೆ ತಲೆ ತಗ್ಗಿಸಿ, ನಾಲ್ಕು ದಿನದ ಹಿಂದೆ ಕಾಂಪೌಂಡಿನ ಅಂಚಿಗೆಲ್ಲ ಕಳೆನಾಶಕ ಹೊಡೆಸಿದ್ದಾಗಿ ಹೇಳಿದರು. ಅಜ್ಜಿಗೆ ಆ ವಿಷಯ ತಿಳಿದಿರಲಿಲ್ಲ. ಅವರು ಕೇಳದೆ ಅರೆದು ಕುಡಿಸಿದ್ದರೆ, ಮೊದಲೇ ಯಕೃತ್ತು ಬಾಧಿತವಾದ ಮಗುವಿನ ಹೊಟ್ಟೆಗೆ ಆ ರಸ ಹೋಗುತ್ತಿತ್ತು. ಪಥ್ಯ, ವಿಶ್ರಾಂತಿಗಳಿಂದ ಹುಡುಗನೇನೋ ಗುಣವಾದನು.

ಅಂಗಳದಲ್ಲಿ ನಾವು ಕಳೆಯೆಂದು ಕೊಲ್ಲುವ ನೆಲನೆಲ್ಲಿ, ಗರುಗ, ತುಂಬೆ, ಉತ್ತರಾಣಿ, ಕೊಮ್ಮೆ ಇವೆಲ್ಲ ನಮ್ಮ ವೈದ್ಯದ ಮೂಲಧನ. ಜನಪದೋಧ್ವಂಸದ ಅದೇ ಅಧ್ಯಾಯದಲ್ಲಿ, ಭೂಮಿ ತನ್ನ ರಸವನ್ನು ಕಳೆದುಕೊಳ್ಳುವುದಕ್ಕೆ ಮೊದಲೇ ಔಷಧಿಗಳನ್ನು ಸಂಗ್ರಹಿಸಿಕೊಳ್ಳಿರೆಂದು ಆತ್ರೇಯರು ಶಿಷ್ಯನಿಗೆ ಸೂಚಿಸುತ್ತಾರೆ. ಬೇಸಗೆಯ ಕೊನೆಯಲ್ಲಿ, ಗಂಗೆಯ ದಡದಲ್ಲಿ ನಡೆದ ಆ ಸಂಭಾಷಣೆಯನ್ನು ವಿದ್ಯಾರ್ಥಿದೆಸೆಯಲ್ಲಿ ಓದಿದಾಗ ಯಾವುದೋ ಪುರಾತನ ಕ್ಷಾಮದ ಮಾತೆಂದು ತಿಳಿದಿದ್ದೆವು. ಆ ಒಂದು ಹಿಡಿ ನೆಲನೆಲ್ಲಿಯನ್ನು ಮೇಜಿನಿಂದ ಎತ್ತಿ ಕಸಕ್ಕೆ ಹಾಕಿದ ದಿನ ಅದರ ಅರ್ಥವಾಯಿತು. ಹೆಚ್ಚಾಗಿ ಮಾರಾಟವಾಗುವ ಗ್ಲೈಫೋಸೇಟನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಬಹುಶಃ ಕ್ಯಾನ್ಸರ್‌ಕಾರಕವೆಂಬ ವರ್ಗಕ್ಕೆ ಸೇರಿಸಿತು. ಒಪ್ಪದ ನಿಯಂತ್ರಣ ಸಂಸ್ಥೆಗಳೂ ಇವೆ. ಪ್ಯಾರಾಕ್ವಾಟ್ ಎಂಬ ಇನ್ನೊಂದಕ್ಕಂತೂ ಪ್ರತಿವಿಷವೇ ಇಲ್ಲ. ಅದನ್ನು ಮನೆಯೊಳಗೆ ಬಾಟಲಿಯಲ್ಲಿಡುವುದೇ ಅಪಾಯ. ಮನೆಯಂಗಳದಷ್ಟು ಜಾಗಕ್ಕೆ ಕುಡುಗೋಲು, ಕುರ್ಚಿಗೆಗಳು ಸಾಲದೇ ಹೋಗುವುದಿಲ್ಲ. ಕಾಂಗ್ರೆಸ್ ಗಿಡವೊಂದನ್ನು ಮಾತ್ರ ಹೂ ಬಿಡುವ ಮೊದಲೇ, ಕೈಗೆ ಚೀಲ ಕಟ್ಟಿಕೊಂಡು, ಬೇರುಸಹಿತ ಕೀಳಬೇಕು. ಅದರ ಸೋಂಕಿನಿಂದ ಚರ್ಮ ಒಡೆದು ವರ್ಷಗಟ್ಟಲೆ ನರಳುವವರಿದ್ದಾರೆ.

ಕಾಂಕ್ರೀಟು ಒಡೆಯುವುದು, ಮಟ್ಟೆ ಹೂಳುವುದು, ಇಂಗುಗುಂಡಿ ತೋಡುವುದು ಇವೆಲ್ಲ ರೋಹಿಣಿ ಮಳೆಗೆ ಮುಂಚೆ ಮುಗಿಯಲಿ. ಮರದ ಸಸಿಗಳನ್ನು ಮೃಗಶಿರ, ಆರಿದ್ರೆಗಳಲ್ಲಿ ನೆಡಬಹುದು. ನಮ್ಮ ಸೀಮೆಯಲ್ಲಿ ದೊಡ್ಡ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಾದ್ದರಿಂದ ನಡುವೆ ಬಿಸಿಲು ಕಾದರೆ ವಾರಕ್ಕೆರಡು ಕೊಡ ನೀರು ಹಾಕಬೇಕಾಗುತ್ತದೆ. ಬಾಡಿಗೆ ಮನೆಯವರು, ಅಂಗಳವೇ ಇಲ್ಲದವರು ಕುಂಡದಲ್ಲಿ ತುಳಸಿ, ದೊಡ್ಡಪತ್ರೆ, ಒಂದೆಲಗ ಈ ಮೂರನ್ನು ಬೆಳೆಸಿಕೊಳ್ಳಲಿ. ಕುಂಡಕ್ಕೆ ಅರ್ಧ ಕೆಮ್ಮಣ್ಣು, ಕಾಲು ಪಾಲು ಎರೆಗೊಬ್ಬರ, ಕಾಲು ಪಾಲು ತೆಂಗಿನ ನಾರಿನ ಪುಡಿ ಸಾಕು. ನಾರಿನ ಪುಡಿ ಹೊಸದಾಗಿದ್ದರೆ ಅದರ ಒಗರು ಉಪ್ಪುಗಳು ಹೋಗುವಂತೆ ಮೂರು ಸಲ ನೆನೆಸಿ ಹಿಂಡಿ ಬಳಸಬೇಕು. ಕುಂಡದ ಕೆಳಗೆ ತಟ್ಟೆಯಿಟ್ಟರೆ ಅದರ ತುಂಬ ಮರಳು ಹಾಕಿ. ತೇವ ಉಳಿಯುತ್ತದೆ, ಸೊಳ್ಳೆಗೆ ನೀರು ಸಿಗುವುದಿಲ್ಲ.